ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ಎಷ್ಟು ನಂಬಬಹುದು? ಪರೀಕ್ಷೆ ಮಾಡುವುದು ಹೇಗೆ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ಮತ್ತು ಆಸ್ಪತ್ರೆಗಳ ಡೇಟಾ ಇಳಿಸಿಕೊಂಡು, ಯಾವ ಊರಿಗೆ ಆಸ್ಪತ್ರೆ ಎಷ್ಟು ದೂರ ಅಂತ ಲೆಕ್ಕ ಹಾಕುತ್ತಿದ್ದೇನೆ. ನಮ್ಮ ಗೈಡ್ ಕೇಳುವುದು ಒಂದೇ ಪ್ರಶ್ನೆ, "ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ, ಹೇಗ್ರೀ ನಂಬೋದು?" ಅಂತ. ಸುಮ್ನೆ "ಚೆನ್ನಾಗಿದೆ ಸರ್" ಅಂದರೆ ಒಪ್ಪುವವರಲ್ಲ. ನನಗೆ ಹೊಳೆದದ್ದು ವರ್ಷನ್ ನಂಬರ್, ಅಂದರೆ ನಕ್ಷೆಯ ಒಂದೊಂದು ವಸ್ತುವನ್ನು ತಿದ್ದಿದಾಗಲೆಲ್ಲ ಏರುವ ಸಂಖ್ಯೆ. ಜಾಸ್ತಿ ಸಲ ತಿದ್ದಿದ್ದರೆ ಜಾಸ್ತಿ ಜನ ನೋಡಿದ್ದಾರೆ, ಹಾಗಾಗಿ ಅದು ಸರಿ ಇರಬೇಕು ಅಲ್ವಾ? ಅಷ್ಟು ಸಾಕಾ?

ಗೆರೆಗಾರ:
ಸಾಲದು. ಯಾವುದಾದರೂ ಒಂದು ರಸ್ತೆಯ ಹಿಸ್ಟರಿ ತೆಗೆದು ಸಾಲಾಗಿ ಓದಿ ನೋಡಿ. ಒಂದನೇ ವರ್ಷನ್: ಯಾರೋ ಉಪಗ್ರಹ ಚಿತ್ರ ನೋಡಿ ಗೆರೆ ಎಳೆದಿದ್ದಾರೆ. ಎರಡನೆಯದು: ಬಸ್ ಮಾರ್ಗ ಸೇರಿಸಲು ಇನ್ನೊಬ್ಬರು ಅದನ್ನು ತುಂಡು ಮಾಡಿದ್ದಾರೆ. ಮೂರನೆಯದು: ಒಂದು ಬಾಟ್ (ತಾನಾಗೇ ತಿದ್ದುವ ಪ್ರೋಗ್ರಾಂ) ಬಂದು ಟ್ಯಾಗ್‌ನ, ಅಂದರೆ ಇದು ಏನು ಅಂತ ಹೇಳುವ ಚೀಟಿಯ, ಕಾಗುಣಿತ ತಿದ್ದಿದೆ. ಮೂರು ವರ್ಷನ್ ಆಯಿತು, ಆದರೆ ಆ ರಸ್ತೆ ನಿಜಕ್ಕೂ ಅಲ್ಲಿದೆಯಾ ಅಂತ ಒಬ್ಬರೂ ಹೋಗಿ ನೋಡಿಲ್ಲ!

ಇನ್ನೂ ಒಂದು ತಮಾಷೆ ಇದೆ. ರಸ್ತೆ ತುಂಡಾದಾಗ ಹಳೆಯ ಐಡಿ ಒಂದು ತುಂಡಿಗೆ ಮಾತ್ರ ಉಳಿಯುತ್ತದೆ, ಇನ್ನೊಂದು ತುಂಡು ಹೊಸದಾಗಿ ವರ್ಷನ್ 1 ಅಂತ ಶುರುವಾಗುತ್ತದೆ. ಯಾರಾದರೂ ಶ್ರದ್ಧೆಯಿಂದ ಕೂತು ರಸ್ತೆಯ ಬಿಂದುಗಳನ್ನೆಲ್ಲ ಸರಿಯಾದ ಜಾಗಕ್ಕೆ ಸರಿಸಿದರೆ ಆ ಬಿಂದುಗಳ ವರ್ಷನ್ ಏರುತ್ತದೆ, ರಸ್ತೆಯದು ಇದ್ದ ಹಾಗೇ ಇರುತ್ತದೆ. ಅಂದರೆ ನಿಮಗೆ ಬೇಕಾದ ಕೆಲಸವೇ ಆ ನಂಬರ್‌ನಲ್ಲಿ ಕಾಣುವುದಿಲ್ಲ.

ವಸ್ತುವಿನ ಬದಲು ಪ್ರದೇಶ ನೋಡಿ, ಅಲ್ಲಿ ಬೇರೆ ಬೇರೆ ಜನ ಎಷ್ಟು ಮಂದಿ ಕೆಲಸ ಮಾಡಿದ್ದಾರೆ ಅಂತ. ಸಂಶೋಧಕ ಮುಕಿ ಹಾಕ್ಲೇ ಮತ್ತು ಜೊತೆಗಾರರು 2010ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಸ್ಥಾನದ ನಿಖರತೆ ಸುಧಾರಿಸುವುದರಲ್ಲಿ ಮೊದಲ ಐದು ಜನರ ಪಾಲೇ ದೊಡ್ಡದು ಅಂತ ಅವರಿಗೆ ಕಂಡುಬಂತು.

ಅಳತೆಪಟ್ಟಿ:
ಮೇಲಿನವರು ಹೇಳಿದ್ದು ಸರಿ, ಆದರೆ ನಿಮ್ಮ ಕೆಲಸಕ್ಕೆ ನಿಖರತೆ ದೊಡ್ಡ ತಲೆನೋವೇ ಅಲ್ಲ. ಇಂಗ್ಲೆಂಡ್‌ನ ಡೇಟಾವನ್ನು ಅಲ್ಲಿನ ಸರಕಾರಿ ನಕ್ಷೆಯ ಜೊತೆ ಹೋಲಿಸಿದಾಗ ಸರಾಸರಿ 6 ಮೀಟರ್ ಆಸುಪಾಸು ವ್ಯತ್ಯಾಸ ಬಂದಿತ್ತು (ಅದೂ ಹಾಕ್ಲೇ ಅವರದೇ, 2010). ಆಸ್ಪತ್ರೆಗೆ ಹತ್ತಾರು ಕಿಲೋಮೀಟರ್ ಇರುವಾಗ 6 ಮೀಟರ್ ಯಾವ ಲೆಕ್ಕ? ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಮುಖ್ಯ: ಬಡ ಪ್ರದೇಶಗಳಲ್ಲಿ ನಕ್ಷೆ ತೆಳುವಾಗಿತ್ತು. ಬಿಟ್ಟುಹೋದದ್ದು ಎಲ್ಲ ಕಡೆ ಸಮನಾಗಿ ಬಿಟ್ಟುಹೋಗಿರುವುದಿಲ್ಲ. ನೀವು "ಇಲ್ಲಿ ಆಸ್ಪತ್ರೆ ಇಲ್ಲ" ಅಂತ ಬರೆಯುವ ಜಾಗದಲ್ಲಿ ನಿಜಕ್ಕೂ ಇಲ್ಲದೇ ಇರುವುದು ನಕ್ಷೆ ಮಾಡುವವರು ಇರಬಹುದು.

ರಸ್ತೆ ಮತ್ತು ಆಸ್ಪತ್ರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಜಗತ್ತಿನ ರಸ್ತೆಗಳಲ್ಲಿ ಸುಮಾರು 83% ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಂದಾಗಿದೆ ಅಂತ 2017ರಲ್ಲೇ ಒಂದು ಅಧ್ಯಯನ ಅಂದಾಜು ಮಾಡಿತ್ತು. ರಸ್ತೆ ಆಕಾಶದಿಂದ ಕಾಣುತ್ತದೆ, ಮನೆಯಲ್ಲಿ ಕೂತು ಎಳೆಯಬಹುದು. ಆಸ್ಪತ್ರೆಯ ಬೋರ್ಡ್ ಆಕಾಶದಿಂದ ಕಾಣುವುದಿಲ್ಲವಲ್ಲ. ಅದಕ್ಕೆ ಗೊತ್ತಿದ್ದವರೇ ಬೇಕು. ಗೊತ್ತಿದ್ದವರೂ ಒಬ್ಬರು ಕ್ಲಿನಿಕ್ ಅಂತ ಟ್ಯಾಗ್ ಹಾಕಿದ್ದನ್ನು ಇನ್ನೊಬ್ಬರು ಹಾಸ್ಪಿಟಲ್ ಅನ್ನುತ್ತಾರೆ. ಒಂದೇ ಆಸ್ಪತ್ರೆಗೆ ಒಬ್ಬರು ಚುಕ್ಕಿ ಇಟ್ಟಿರುತ್ತಾರೆ, ಇನ್ನೊಬ್ಬರು ಆವರಣದ ಸುತ್ತ ಗೆರೆ ಎಳೆದು ಮತ್ತೆ ಅದೇ ಟ್ಯಾಗ್ ಕೊಟ್ಟಿರುತ್ತಾರೆ, ನಿಮ್ಮ ಲೆಕ್ಕದಲ್ಲಿ ಎರಡು ಆಸ್ಪತ್ರೆ ಆಗುತ್ತದೆ! ಮೊದಲು ಇದನ್ನು ಸೋಸಿ.

ಆಮೇಲೆ ನಕ್ಷೆಯನ್ನು ಚೌಕಗಳಾಗಿ ಮಾಡಿಕೊಂಡು, ಲಾಟರಿ ಎತ್ತಿದ ಹಾಗೆ ಕೆಲವನ್ನು ಆರಿಸಿ. ನಿಮಗೆ ಗೊತ್ತಿರುವ ಜಾಗಗಳನ್ನೇ ಆರಿಸಬೇಡಿ. ಪ್ರತಿ ಚೌಕದಲ್ಲಿ ಎರಡು ಕೆಲಸ: ನಕ್ಷೆಯಲ್ಲಿರುವುದು ನೆಲದ ಮೇಲೆ ಇದೆಯಾ, ನೆಲದ ಮೇಲಿರುವುದು ನಕ್ಷೆಯಲ್ಲಿ ಇದೆಯಾ. ಹೆಚ್ಚಿನವರು ಮೊದಲನೆಯದು ಮಾಡಿ ಕೈ ತೊಳೆದುಕೊಳ್ಳುತ್ತಾರೆ, ಬಿಟ್ಟುಹೋದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಸರಕಾರದ ಆಸ್ಪತ್ರೆ ಪಟ್ಟಿ ಸಿಕ್ಕರೆ ಜೊತೆಗಿಟ್ಟು ನೋಡಿ. ಆದರೆ ಆ ಪಟ್ಟಿಯೇ ವೇದವಾಕ್ಯ ಅಂದುಕೊಳ್ಳಬೇಡಿ, ಮುಚ್ಚಿಹೋದ ಆಸ್ಪತ್ರೆ ಅದರಲ್ಲೂ ಇರಬಹುದು.

ದಾರಿಹೋಕ:
ತುಂಬಾ ಉಪಯೋಗ ಆಯಿತು, ಧನ್ಯವಾದ. ಎರಡು ಸಂದೇಹ ಉಳಿದಿದೆ. ಒಂದು ಕಡೆ ಪಕ್ಕದಲ್ಲೇ ಇರುವ ಆಸ್ಪತ್ರೆಗೆ ದಾರಿಯೇ ಇಲ್ಲ ಅಂತ ಲೆಕ್ಕ ಬರುತ್ತಿದೆ, ಕಣ್ಣಿಗೆ ನೋಡಿದರೆ ರಸ್ತೆ ಸರಿಯಾಗೇ ಇದೆ. ಮತ್ತೆ, ಬೇಕಂತಲೇ ಹಾಳು ಮಾಡುವವರ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಗೈಡ್‌ಗೆ ಅದರ ಚಿಂತೆಯೇ ಜಾಸ್ತಿ.

ಚುಕ್ಕಿಚಿತ್ತಾರ:
ಮೊದಲನೆಯದಕ್ಕೆ: ಎರಡು ರಸ್ತೆ ಕೂಡುವ ಜಾಗವನ್ನು ಪೂರ್ತಿ ಝೂಮ್ ಮಾಡಿ ನೋಡಿ. ಗೆರೆ ಗೆರೆಗೆ ತಾಗಿದ ಹಾಗೆ ಕಾಣುತ್ತದೆ, ಆದರೆ ಎರಡಕ್ಕೂ ಸೇರಿದ ಒಂದು ಬಿಂದು ಅಲ್ಲಿ ಇರುವುದಿಲ್ಲ. ದಾರಿ ಹುಡುಕುವ ಪ್ರೋಗ್ರಾಂಗೆ ಆ ಬಿಂದುವೇ ಬಾಗಿಲು. ಇಂಥದ್ದನ್ನು ಆಸ್ಮೋಸ್ ಅನ್ನುವ ತಪ್ಪು ಹುಡುಕುವ ಸಾಧನ ಹಿಡಿದುಕೊಡುತ್ತದೆ, ನಕ್ಷೆ ತಿದ್ದುವ ಜಾಸಮ್ ಪ್ರೋಗ್ರಾಂನ ವ್ಯಾಲಿಡೇಟರ್ ಕೂಡ. ಆದರೆ ಈ ಸಾಧನಗಳು ನೋಡುವುದು ಡೇಟಾ ಒಳಗೊಳಗೇ ಹೊಂದುತ್ತದಾ ಅಂತ ಮಾತ್ರ. ಇಲ್ಲದ ಬೀದಿಯನ್ನು ಯಾರಾದರೂ ಅಚ್ಚುಕಟ್ಟಾಗಿ ಬರೆದಿಟ್ಟರೆ ಅದು ಆರಾಮಾಗಿ ಪಾಸಾಗುತ್ತದೆ.

ಎರಡನೆಯದು. 2018ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಹೆಸರನ್ನು ಯಾರೋ ಯಹೂದಿಗಳನ್ನು ನಿಂದಿಸುವ ಪದಕ್ಕೆ ಬದಲಿಸಿದ್ದರು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದನ್ನು ಬೇಗನೇ ತೆಗೆದುಹಾಕಿದರು. ಆದರೆ ಆ ಡೇಟಾ ಬಳಸುತ್ತಿದ್ದ ಮ್ಯಾಪ್‌ಬಾಕ್ಸ್ ಅನ್ನುವ ನಕ್ಷೆ ಕಂಪನಿಯ ಮೂಲಕ ಅದು ಎಷ್ಟೋ ದಿನ ಆದಮೇಲೆ ಸ್ನ್ಯಾಪ್‌ಚಾಟ್‌ನಲ್ಲಿ ಕಾಣಿಸಿಕೊಂಡು ಸುದ್ದಿಯಾಯಿತು. ಅಂದರೆ ನೀವು ಡೌನ್‌ಲೋಡ್ ಮಾಡಿದ ಗಳಿಗೆ ಕೆಟ್ಟದಾಗಿದ್ದರೆ, ಅವರು ಸರಿಮಾಡಿದ ಮೇಲೂ ಅದು ನಿಮ್ಮ ಫೈಲ್‌ನಲ್ಲಿ ಹಾಗೇ ಕೂತಿರುತ್ತದೆ. ಸ್ವಲ್ಪ ದಿನ ಬಿಟ್ಟು ಇನ್ನೊಂದು ಪ್ರತಿ ಇಳಿಸಿ, ಎರಡನ್ನೂ ಹೋಲಿಸಿ, ದೊಡ್ಡ ವ್ಯತ್ಯಾಸ ಇರುವ ಕಡೆ ಮಾತ್ರ ಕಣ್ಣು ಹಾಯಿಸಿ. ಯಾವ ತಾರೀಖಿನ ಡೇಟಾ ಅಂತ ವರದಿಯಲ್ಲಿ ಬರೆಯಲು ಮರೆಯಬೇಡಿ.

ಗೆರೆಗಾರ:
ತಾರೀಖು ಅಂದಾಗ ನೆನಪಾಯಿತು. ಕೊನೆಯ ಸಲ ತಿದ್ದಿದ ದಿನವನ್ನು ಹೋಗಿ ನೋಡಿ ಬಂದ ದಿನ ಅಂದುಕೊಳ್ಳಬೇಡಿ. ಚೆಕ್ ಡೇಟ್ ಟ್ಯಾಗ್ (ಕೊನೆಗೆ ಪರಿಶೀಲಿಸಿದ ದಿನ) ಇದ್ದರೆ ಅದನ್ನು ನೋಡಿ, ಚೇಂಜ್‌ಸೆಟ್‌ನಲ್ಲಿ (ಒಟ್ಟಿಗೆ ಸೇರಿಸಿದ ತಿದ್ದುಪಡಿಗಳ ಕಟ್ಟು) ಸೋರ್ಸ್, ಅಂದರೆ ಮಾಹಿತಿ ಎಲ್ಲಿಂದ ಬಂತು ಅಂತ, ಬರೆದಿದ್ದರೆ ಅದನ್ನೂ ಓದಿ. ಚೌಕ ಸುತ್ತುವಾಗ ಸಿಕ್ಕ ತಪ್ಪುಗಳನ್ನು ಅಲ್ಲೇ ತಿದ್ದಿಬಿಡಿ ಮಾರಾಯ್ರೇ, ಆದರೆ ನಿಮ್ಮ ಎಣಿಕೆ ಬರೆದಿಟ್ಟುಕೊಂಡ ಮೇಲೆ.