ಅಂಗಡಿ ಸಾಫ್ಟ್‌ವೇರಿನ ಆರ್ಡರ್ ಏರುಪೇರು: ಇದನ್ನ ಕೇಯಾಸ್ ಅನ್ನಬಹುದಾ?

ಮುಳಬಾಗಿಲು_ಎಂಸಿಎ:
ಎಲ್ಲರಿಗೂ ನಮಸ್ಕಾರ. ಇನ್ಫರ್ಮೇಶನ್ ಸಿಸ್ಟಂಗಳಲ್ಲಿ ಕೇಯಾಸ್ ಥಿಯರಿ ಅಂತ ಪ್ರಾಜೆಕ್ಟ್ ತಗೊಂಡಿದ್ದೇನೆ. ಕೋಲಾರದ ಒಂದು ಬೂಸಾ-ಹಿಂಡಿ ಅಂಗಡಿಯ ಸ್ಟಾಕ್ ಸಾಫ್ಟ್‌ವೇರ್‌ನಿಂದ ಎರಡು ವರ್ಷದ ಲೆಕ್ಕ ಸಿಕ್ಕಿದೆ, ವಾರಕ್ಕೊಂದು ಅಂಕಿ. ಹಸು ಪ್ರತಿ ವಾರ ತಿನ್ನುತ್ತದೆ, ಮಾರಾಟ ಹೆಚ್ಚುಕಡಿಮೆ ಒಂದೇ ಸಮ, ಆದರೆ ಮಾಲೀಕರು ಹಾಕುವ ಆರ್ಡರ್ ಮಾತ್ರ ಒಂದು ವಾರ ಲಾರಿಗಟ್ಟಲೆ, ಮುಂದಿನ ವಾರ ಸೊನ್ನೆ. ಶುರುವಿನ ಸಣ್ಣ ವ್ಯತ್ಯಾಸ ಎಷ್ಟು ಬೇಗ ಬೆಳೆಯುತ್ತೆ ಅಂತ ಅಳೆಯೋ ಲ್ಯಾಪುನೋವ್ ಎಕ್ಸ್‌ಪೋನೆಂಟ್ ಪಾಸಿಟಿವ್ ಬಂದಿದೆ, ಅದು ಕೇಯಾಸ್‌ನ ಗುರುತು ಅಂತಾರೆ. ಸಾಕಲ್ವಾ?

ಗಣಿತದ_ಮೇಷ್ಟ್ರು:
ಸಾಲದು. 104 ಅಂಕಿಯಲ್ಲಿ ಏನೂ ಸಾಬೀತಾಗುವುದಿಲ್ಲ. ಯಾವ ನಿಯಮವೂ ಇಲ್ಲದ ಯಾದೃಚ್ಛಿಕ ಅಂಕಿಗಳಿಗೂ ಆ ಲೆಕ್ಕ ಪಾಸಿಟಿವ್ ಬರಬಹುದು. ಅದೇ ಅಂಕಿಗಳನ್ನು ಇಸ್ಪೀಟ್ ಎಲೆ ಥರ ಕಲಸಿ ಮತ್ತೆ ಓಡಿಸಿ ನೋಡಿ, ಆಗಲೂ ಪಾಸಿಟಿವ್ ಬಂದರೆ ನಿಮ್ಮ ಫಲಿತಾಂಶಕ್ಕೆ ಅರ್ಥವಿಲ್ಲ. ಗೊಂದಲ ಕಂಡಲ್ಲೆಲ್ಲ ಕೇಯಾಸ್ ಅನ್ನೋದು ಬಿಡಿ. ಅದಕ್ಕೆ ಖಚಿತವಾದ ನಿಯಮ ಇರಬೇಕು, ಲಾಟರಿ ಅಲ್ಲ; ಆ ನಿಯಮದಲ್ಲೇ ಶುರುವಿನ ಚಿಕ್ಕ ವ್ಯತ್ಯಾಸ ಬೆಳೆದು ದೊಡ್ಡದಾಗಬೇಕು. 1961ರಲ್ಲಿ ಹವಾಮಾನ ವಿಜ್ಞಾನಿ ಲೊರೆಂಜ್ ತನ್ನ ಹವಾಮಾನದ ಮಾದರಿಗೆ 0.506127 ಬದಲು 0.506 ಕೊಟ್ಟಾಗ ಸಮೀಕರಣ ಒಂದಿಷ್ಟೂ ಬದಲಾಗಿರಲಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ಎರಡು ಗ್ರಾಫಿಗೂ ಸಂಬಂಧವೇ ಇಲ್ಲದ ಹಾಗಾಯ್ತು. ನಿಮ್ಮ ಅಂಗಡಿಯ ನಿಯಮ ಯಾವುದು?

ಗೋಡೌನ್_ಗೋಪಿ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ವಿಷಯ ಕೈಬಿಡಬೇಡಿ ತಮ್ಮಾ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಬಿಯರ್ ಗೇಮ್ ಹುಡುಕಿ ನೋಡಿ, ಅಂಗಡಿಯಿಂದ ಫ್ಯಾಕ್ಟರಿವರೆಗೆ ಒಬ್ಬರಿಗೊಬ್ಬರು ಬಿಯರ್ ಆರ್ಡರ್ ಹಾಕುವ ಆಟ ಅದು. ಅದರಲ್ಲಿ ಆಡುವವರು ಆರ್ಡರ್ ಹಾಕಿ ಇನ್ನೂ ದಾರಿಯಲ್ಲಿರುವ ಮಾಲನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಆರ್ಡರ್ ಹಾಕುತ್ತಾರೆ ಅಂತ ಅಲ್ಲಿನ ಪ್ರೊಫೆಸರ್ ಸ್ಟರ್ಮನ್ 1989ರಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 1988ರಲ್ಲಿ, ಮೊಸೆಕಿಲ್ಡೆ ಮತ್ತು ಲಾರ್ಸೆನ್ ಅನ್ನೋ ಸಂಶೋಧಕರು ಅದೇ ಮಾದರಿಯಲ್ಲಿ ನಿಜವಾದ ಕೇಯಾಸ್ ಕಂಡಿದ್ದರು. ಗಿರಾಕಿ ಬೇಡಿಕೆ ಅಲ್ಲಾಡದಿದ್ದರೂ ಆರ್ಡರ್ ಹುಚ್ಚಾಟ ಆಡಬಹುದು. ಒಂದು ವಿಷಯ ಹೇಳಿ, ನಿಮ್ಮ ಅಂಗಡಿಯ ಸ್ಕ್ರೀನ್ ಮೇಲೆ ಬರಬೇಕಾದ ಮಾಲು ಕಾಣುತ್ತದಾ?

ಮುಳಬಾಗಿಲು_ಎಂಸಿಎ:
ಇಲ್ಲ ಅಣ್ಣಾ, ಗೋಡೌನ್‌ನಲ್ಲಿರೋದು ಮಾತ್ರ.

ಗೋಡೌನ್_ಗೋಪಿ:
ಹಾಗಾದರೆ ಪ್ರಾಜೆಕ್ಟ್ ಅಲ್ಲೇ ಇದೆ. ಲೋಡ್ ಬರೋದು ತಡ, ಮಾಲೀಕರ ಆರ್ಡರ್ ಲೆಕ್ಕಾಚಾರ, ಎರಡನ್ನೂ ಸೇರಿಸಿ ಸಣ್ಣ ಸಿಮ್ಯುಲೇಶನ್ ಬರೆಯಿರಿ. 400 ಮೂಟೆಯಿಂದ ಒಮ್ಮೆ, 401ರಿಂದ ಒಮ್ಮೆ ಓಡಿಸಿ. ಆಮೇಲೆ ಸ್ಕ್ರೀನಿಗೆ ದಾರಿಯಲ್ಲಿರುವ ಮಾಲು ಸೇರಿಸಿ, ಇನ್ನೊಮ್ಮೆ.

ಗಣಿತದ_ಮೇಷ್ಟ್ರು:
ಇದು ಸರಿ. ಲ್ಯಾಪುನೋವ್ ಲೆಕ್ಕ ಸಿಮ್ಯುಲೇಶನ್‌ಗೆ ಹಾಕಿ, ಅಲ್ಲಿ ಅಂಕಿಗೆ ಬರ ಇರಲ್ಲ. ವೈವಾದಲ್ಲಿ, ಚಿಟ್ಟೆ ರೆಕ್ಕೆ ಬಡಿದರೆ ಎಲ್ಲೋ ಬಿರುಗಾಳಿ ಏಳುತ್ತೆ ಅನ್ನೋ ಕಥೆ ಮಾತ್ರ ಹೇಳಬೇಡಿ, ಎಲ್ಲರೂ ಅದನ್ನೇ ಹೇಳ್ತಾರೆ.