ಕರೆಂಟ್ ಬಳಕೆ ಹೆಚ್ಚಿದರೆ ಬೆಳವಣಿಗೆಯೋ, ಬೆಳವಣಿಗೆ ಆದರೆ ಬಳಕೆಯೋ? ಪಾವಗಡ ಇಟ್ಟುಕೊಂಡು ಕೇಳ್ತಿದ್ದೀನಿ

ಮಧುಗಿರಿ_ಹುಡುಗ:
ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರ ಎಂ.ಎ. ಕೊನೆ ವರ್ಷದಲ್ಲಿದ್ದೀನಿ. ನವೀಕರಿಸಬಹುದಾದ ಇಂಧನ, ಬಳಕೆ, ಆರ್ಥಿಕ ಬೆಳವಣಿಗೆ, ಈ ಮೂರರ ನಂಟು ನನ್ನ ಪ್ರಬಂಧದ ವಿಷಯ. 1978ರಲ್ಲಿ ಕ್ರಾಫ್ಟ್ ಮತ್ತು ಕ್ರಾಫ್ಟ್ ಅನ್ನೋರು ಅಮೆರಿಕದ 1947ರಿಂದ 1974ರವರೆಗಿನ ಅಂಕಿ ಹಿಡಿದು, ರಾಷ್ಟ್ರೀಯ ಉತ್ಪನ್ನ ಬೆಳೆದದ್ದರಿಂದ ಇಂಧನ ಬಳಕೆ ಬೆಳೀತು ಅಂದರು. ಎರಡೇ ವರ್ಷದಲ್ಲಿ ಅಕಾರ್ಕಾ ಮತ್ತು ಲಾಂಗ್, ಕೊನೆಯ ಎರಡು ವರ್ಷದ ಅಂಕಿ ಬಿಟ್ಟರೆ ಆ ನಂಟೇ ಕಾಣಲ್ಲ ಅಂತ ತೋರಿಸಿದರು. ಅಲ್ಲಿಂದೀಚೆಗೆ ದೇಶಕ್ಕೊಂದು ಉತ್ತರ.

ನಮ್ಮ ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅದರಿಂದ ತಾಲ್ಲೂಕು ಬೆಳೆದಿದೆಯಾ ಅಂತ ಗ್ರೇಂಜರ್ ಪರೀಕ್ಷೆ (ಒಂದರ ಹಿಂದಿನ ಅಂಕಿ ಇನ್ನೊಂದರ ಮುಂದಿನ ಅಂಕಿಯನ್ನ ಊಹಿಸೋಕೆ ನೆರವಾಗುತ್ತಾ ಅಂತ ನೋಡೋ ವಿಧಾನ) ಹಾಕಿ ನೋಡಬಹುದಾ?

ನಿವೃತ್ತ_ಲೋಡ್_ಡಿಸ್ಪ್ಯಾಚ್:
ತಮ್ಮಾ, ಹಾಕಬೇಡ. ಉತ್ತರವೇನೋ ಬರುತ್ತದೆ, ಆದರೆ ಅದರಲ್ಲಿ ಪಾವಗಡ ಇರುವುದಿಲ್ಲ.

ಪಾರ್ಕ್ ಇರುವ ತಿರುಮಣಿ ಸುತ್ತ ಹುಟ್ಟುವ ವಿದ್ಯುತ್ ಅಲ್ಲೇ 220 ಕೆವಿಯಿಂದ 400 ಕೆವಿಗೆ ಏರಿ ಗ್ರಿಡ್ ಸೇರುತ್ತದೆ. ಉರಿಯುವುದು ಬೇರೆಲ್ಲೋ. ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ತಂತಿ ಎಲ್ಲಿ ಮುಗಿಯಿತೋ ಅಲ್ಲಿ ಗಿರಣಿ, ಕಾರ್ಖಾನೆ ಎದ್ದವು.

ಒಂದು ಲೆಕ್ಕ ಹೇಳುತ್ತೇನೆ, ನೀನೇ ಹಾಕಿ ನೋಡು. ಪಾರ್ಕ್ ಸುಮಾರು 13,000 ಎಕರೆ. ರೈತರಿಗೆ ಶುರುವಿನ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಒಟ್ಟು 27 ಕೋಟಿ ಚಿಲ್ಲರೆ. ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಹುಟ್ಟುವುದರಲ್ಲಿ ಶೇ. 22ರಷ್ಟು ನಿಜವಾಗಿ ಹುಟ್ಟುತ್ತದೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 395 ಕೋಟಿ ಯೂನಿಟ್. ಭಾಗಿಸಿದರೆ ಯೂನಿಟ್ಟಿಗೆ ಏಳು ಪೈಸೆ. ನೆಲ ಕೊಟ್ಟವರಿಗೆ ದಕ್ಕಿದ ಪಾಲು ಅಷ್ಟು. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ, ಅದನ್ನು ಸೇರಿಸಿದರೂ ಚಿತ್ರ ಹೆಚ್ಚು ಬದಲಾಗದು. ನಿನ್ನ ಪ್ರಬಂಧ ಇಲ್ಲಿಂದ ಶುರುವಾಗಲಿ ಎಂಬುದು ನನ್ನ ಆಸೆ.

ಬಳಕೆಯ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡ. 2023ರಲ್ಲಿ ಮಳೆ ಕೈಕೊಟ್ಟಿತು. ಮಳೆಗಾಲದಲ್ಲಿ ಇಳಿಯಬೇಕಿದ್ದ ಲೋಡ್, ಅಂದರೆ ವಿದ್ಯುತ್ ಬೇಡಿಕೆ, ಏರಿತು, ಏಕೆಂದರೆ ಒಣಗುವ ಬೆಳೆ ಉಳಿಸಲು ಪಂಪ್‌ಸೆಟ್‌ಗಳು ಓಡಿದವು. ಅದೇ ಹೊತ್ತಿಗೆ ಜಲವಿದ್ಯುತ್ತಿಗೆ ಬೇಕಾದ ಲಿಂಗನಮಕ್ಕಿ ಜಲಾಶಯದಲ್ಲಿ ಸಾಕಷ್ಟು ನೀರಿಲ್ಲ. ಅಕ್ಟೋಬರಿನಲ್ಲಿ ಹಳ್ಳಿಗಳಿಗೆ ಕರೆಂಟ್ ಕಡಿತ. ಆ ವರ್ಷ ಬಳಕೆ ಏರಿದ್ದನ್ನು ಬೆಳವಣಿಗೆ ಎಂದು ಓದಿದರೆ ರೈತನ ಸಂಕಟವನ್ನೇ ಸಮೃದ್ಧಿ ಎಂದು ಬರೆದಂತೆ. ಮೇಲಾಗಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಮೀಟರೇ ಇಲ್ಲ. ಅಲ್ಲಿ ನಿನಗೆ ಸಿಗುವುದು ಅಂದಾಜು. ಕಾರ್ಖಾನೆ, ಪಂಪ್‌ಸೆಟ್, ಮನೆ ಬಳಕೆಯನ್ನು ಬೇರೆ ಬೇರೆ ಇಟ್ಟು ನೋಡು.

ಸೋಲಾರ್ ಬಂದದ್ದು ಒಳ್ಳೆಯದೇ ಆಯಿತು, ಇದನ್ನು ಮನಸಾರೆ ಹೇಳುತ್ತೇನೆ. ರಾತ್ರಿ ಹೊತ್ತು ಹಾವು ಚೇಳಿನ ನಡುವೆ ಮೋಟರ್ ಹಾಕಲು ಹೋಗುತ್ತಿದ್ದ ಎಷ್ಟೋ ರೈತರಿಗೆ ಈಗ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಹಗಲಲ್ಲೇ ಸಿಗುತ್ತಿದೆ. ಇದು ಜಿಡಿಪಿಯ ಯಾವ ಸಾಲಿನಲ್ಲೂ ಬರದು.

ನಾಗಲಮಡಿಕೆ_ಹೋಬಳಿ:
ಸರ್ ಹೇಳಿದ ಏಳು ಪೈಸೆ ಲೆಕ್ಕ ನಮ್ಮನೇಲಿ ಓದಿ ಹೇಳಿದೆ. ನಮ್ಮತ್ತೆ ಸುಮಾರು ಹೊತ್ತು ಮಾತಾಡಲಿಲ್ಲ.

ನಾವೂ ಹೊಲ ಕೊಟ್ಟಿದ್ದೀವಿ. ಕಡಲೆಕಾಯಿ ಹಾಕ್ತಿದ್ವಿ, ಮಳೆ ಬಂದ್ರೆ ಬಂತು, ಇಲ್ಲಾಂದ್ರೆ ಬಿತ್ತನೆ ಬೀಜದ ದುಡ್ಡೂ ಹೋಯ್ತು. ಬಾಡಿಗೆ ಬಂದ ಮೇಲೆ ಸಾಲ ತೀರ್ತು, ಮಗಳು ತುಮಕೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಓದ್ತಿದ್ದಾಳೆ. ಅದನ್ನ ಸಣ್ಣದು ಅಂತ ನಾನು ಅನ್ನಲ್ಲ. ಆದರೆ ನಮ್ಮ ಹೊಲದಲ್ಲಿ ಕಳೆ ಕೀಳೋಕೆ, ಕಾಯಿ ಬಿಡಿಸೋಕೆ ಬರ್ತಿದ್ದ ಹೆಂಗಸರಿಗೆ ಬಾಡಿಗೆ ಇಲ್ಲ, ಕೂಲಿಯೂ ಇಲ್ಲ. ಫಲಕ ಒರೆಸೋದು, ಹುಲ್ಲು ಕೊಯ್ಯೋದು, ಕಾವಲು, ಇಷ್ಟೇ ಕೆಲಸ ಇರೋದು, ಅದು ಎಷ್ಟು ಜನಕ್ಕೆ ಸಾಕಾಗುತ್ತೆ? ಕುರಿಯವರಿಗೆ ಮೇಯಿಸೋ ಜಾಗ ಹೋಯ್ತು. ಸುಮಾರು ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ್ರು.

ಇನ್ನೊಂದು ವಿಷಯ. ನಾವು ಬಟ್ಟೆ, ಒಡವೆಗೆ ಹಿಂದೂಪುರಕ್ಕೆ ಹೋಗ್ತೀವಿ. ಅದು ಆಂಧ್ರ. ಬಾಡಿಗೆ ದುಡ್ಡು ಅಲ್ಲೂ ಖರ್ಚಾಗುತ್ತೆ. ನಿಮ್ಮ ತಾಲ್ಲೂಕು ಲೆಕ್ಕದಲ್ಲಿ ಅದು ಸಿಗುತ್ತಾ?

ಮಧುಗಿರಿ_ಹುಡುಗ:
ಸಿಗಲ್ಲ ಅಕ್ಕ. ಇದು ನನಗೆ ಹೊಳೆದೇ ಇರಲಿಲ್ಲ. ಸರ್, ಹಾಗಾದರೆ ರಾಜ್ಯದ ಅಂಕಿಯನ್ನ ಬಳಕೆದಾರರ ವರ್ಗವಾರು ತಗೊಂಡು, ಜೊತೆಗೆ ಎರಡು ಮೂರು ಹಳ್ಳಿಗಳಲ್ಲಿ ಮನೆ ಸಮೀಕ್ಷೆ ಮಾಡ್ತೀನಿ. ಹೊಲ ಕೊಟ್ಟವರು, ಕೊಡದವರು, ಹೊಲವೇ ಇಲ್ಲದವರು, ಮೂರು ಗುಂಪು.

ನಿವೃತ್ತ_ಲೋಡ್_ಡಿಸ್ಪ್ಯಾಚ್:
ಊರು ಬಿಟ್ಟು ಹೋದವರನ್ನು ನಾಲ್ಕನೆಯ ಗುಂಪು ಮಾಡು. ಅವರು ಬಳಸುವ ಕರೆಂಟ್ ಈಗ ಬೆಂಗಳೂರಿನ ಲೆಕ್ಕದಲ್ಲಿದೆ.

ನಾಗಲಮಡಿಕೆ_ಹೋಬಳಿ:
ಬರೋದಾದ್ರೆ ಬೆಳಿಗ್ಗೆ ಬೇಗ ಬಾಪ್ಪ. ಹೊತ್ತೇರಿದ ಮೇಲೆ ಬಂದ್ರೆ ಹೊಲ ಕೊಟ್ಟವರಷ್ಟೇ ಮನೇಲಿ ಸಿಗ್ತಾರೆ, ಕೂಲಿಯವರು ಹೊರಟುಬಿಟ್ಟಿರ್ತಾರೆ.