ಬಟ್ಟೆ ನೆನಪಿದೆ, ಗಿರಾಕಿಯೂ ನೆನಪಿದ್ದಾರೆ, ಯಾರದ್ದು ಯಾವುದು ಅನ್ನೋದೇ ತಪ್ಪುತ್ತಿದೆ

ತಿಪಟೂರು ಟೈಲರಮ್ಮ:

ಎಲ್ಲರಿಗೂ ನಮಸ್ಕಾರ. ನನಗೆ 63 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, 31 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಚೀಟಿ ಬರೆದಿಟ್ಟವಳಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಅವರ ಬಟ್ಟೆ ಇರುವ ಗಂಟಿಗೇ ಕೈ ಹೋಗುತ್ತಿತ್ತು.

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ತಪ್ಪಾಯಿತು. ಒಂದೇ ವಾರ ಇಬ್ಬರು ಹೊಸಬರು ಬಂದಿದ್ದರು. ಒಬ್ಬರದ್ದು ಗಿಳಿಹಸಿರು ಬಟ್ಟೆ, ಇನ್ನೊಬ್ಬರದ್ದು ರಾಣಿ ಪಿಂಕ್. ಹಸಿರು ಬಟ್ಟೆಯನ್ನು ಪಿಂಕ್‌ನವರ ಅಳತೆಗೆ ಕತ್ತರಿಸಿಬಿಟ್ಟೆ. ಕತ್ತರಿ ಹಾಕುವಾಗ ಒಂಚೂರೂ ಅನುಮಾನ ಬರಲಿಲ್ಲ. ಹಬ್ಬದ ಹಿಂದಿನ ದಿನ ಹಾಕಿ ನೋಡಿದರೆ ತೀರಾ ಬಿಗಿ. ಒಳಗೆ ಬಿಟ್ಟಿದ್ದನ್ನೆಲ್ಲ ಬಿಚ್ಚಿದರೂ ಎರಡು ಇಂಚು ಸಾಲಲಿಲ್ಲ. ಆ ಹುಡುಗಿ ಬೈಯಲಿಲ್ಲ. "ಪರವಾಗಿಲ್ಲ ಬಿಡಿ ಆಂಟಿ, ವಯಸ್ಸಾಯ್ತಲ್ವಾ" ಅಂದಳು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನನಗೆ ಅರ್ಥವಾಗದ್ದು ಇದು. ಆ ಹಸಿರು ಬಟ್ಟೆಯ ಅಂಚಿನಲ್ಲಿ ಒಂದು ಎಳೆ ಬಿಟ್ಟುಹೋಗಿತ್ತು, ಅದೂ ನೆನಪಿದೆ. ಆ ಹುಡುಗಿಯ ಎಡಭುಜ ಸ್ವಲ್ಪ ಇಳಿದಿದೆ, ಅದೂ ನೆನಪಿದೆ. ಎರಡನ್ನೂ ಮರೆತಿಲ್ಲ, ಜೋಡಿ ಮಾತ್ರ ಅದಲುಬದಲಾಯಿತು. ಹಳೇ ಗಿರಾಕಿಗಳದ್ದು ಇವತ್ತಿಗೂ ಒಂದೂ ತಪ್ಪಿಲ್ಲ. ನಮ್ಮಮ್ಮನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಇದು ಅದರ ಶುರುವಾ? ತಿಳಿದವರು ಹೇಳಿ.

ಕೊಬ್ಬರಿಮಂಡಿ ಹುಡುಗ:

ಅಮ್ಮಾ, ಹೆದರಬೇಡಿ. ಮೊದಲು ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದು ಕಡಿಮೆಯಾದರೂ ಮರೆವು ಬರಬಹುದು, ಔಷಧಿ ತೆಗೆದುಕೊಂಡರೆ ಸುಧಾರಿಸಬಹುದು. ನಮ್ಮ ದೊಡ್ಡಮ್ಮನಿಗೆ ಹಾಗೇ ಆಗಿತ್ತು.

ಮೈಸೂರು ಮೇಷ್ಟ್ರು:

ಅಮ್ಮಾ, ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದವನು, ಈಗ ನಿವೃತ್ತ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನಾನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದ ವಿಷಯವನ್ನು ನೀವು ಕತ್ತರಿ ಹಿಡಿದ ಕೈಯಿಂದಲೇ ಕಂಡುಕೊಂಡಿದ್ದೀರಿ.

ಮೋಶೆ ನವೆ-ಬೆಂಜಮಿನ್ ಅಂತ ಒಬ್ಬ ಸಂಶೋಧಕರು 2000ದಲ್ಲಿ ಇದನ್ನೇ ಹೇಳಿದರು. ವಯಸ್ಸಾದಾಗ ಒಂದೊಂದೇ ವಸ್ತುವಿನ ನೆನಪು ಅಷ್ಟಾಗಿ ಕುಗ್ಗುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಕಟ್ಟುವ ಗಂಟು ಸಡಿಲವಾಗುತ್ತದೆ. ಅವರ ಪ್ರಯೋಗ ಸರಳ. ಪದಗಳನ್ನು ಜೋಡಿ ಜೋಡಿಯಾಗಿ ತೋರಿಸುತ್ತಾರೆ. ಆಮೇಲೆ "ಈ ಪದ ನೋಡಿದ್ದೀರಾ" ಅಂತ ಕೇಳಿದರೆ ಹಿರಿಯರು ಹೆಚ್ಚುಕಮ್ಮಿ ಹುಡುಗರಷ್ಟೇ ಸರಿಯಾಗಿ ಹೇಳುತ್ತಾರೆ. "ಈ ಎರಡು ಪದ ಒಟ್ಟಿಗೆ ಇದ್ದವಾ" ಅಂತ ಕೇಳಿದಾಗ ಹಿಂದೆ ಬೀಳುತ್ತಾರೆ. ಜೋಡಿ ಬದಲಾಯಿಸಿ ತೋರಿಸಿದರೆ "ಹೌದು, ಒಟ್ಟಿಗೇ ಇದ್ದವು" ಅನ್ನುವುದು ಜಾಸ್ತಿ. ಎರಡೂ ನೋಡಿದ್ದೇ ಅಲ್ವಾ, ಆ ಪರಿಚಯವೇ ಜೋಡಿಯ ನೆನಪಿನ ಹಾಗೆ ಕಾಣುತ್ತದೆ. ನಿಮಗೆ ಕತ್ತರಿ ಹಾಕುವಾಗ ಅನುಮಾನ ಬರದಿದ್ದಕ್ಕೆ ಕಾರಣ ಇದೇ ಅಂತ ನನಗನಿಸುತ್ತದೆ. 2004ರಲ್ಲಿ ಮುಖ ಮತ್ತು ಹೆಸರುಗಳನ್ನು ಇಟ್ಟುಕೊಂಡು ನೋಡಿದಾಗಲೂ ಹೀಗೇ ಆಯಿತು.

ಈ ಗಂಟು ಹಾಕುವ ಕೆಲಸದಲ್ಲಿ ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ದೊಡ್ಡ ಪಾತ್ರ. ವಯಸ್ಸಾದಂತೆ ಅದು ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಕಾಯಿಲೆ ಇಲ್ಲದವರಲ್ಲೂ ಕುಗ್ಗುತ್ತದೆ.

ಹಳೇ ಗಿರಾಕಿಗಳದ್ದು ತಪ್ಪಿಲ್ಲ ಅಂದಿರಲ್ಲ, ಅದಕ್ಕೂ ಉತ್ತರ ಇದೆ. ಅಲನ್ ಕಾಸ್ಟೆಲ್ ಅನ್ನುವವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯರಿಗೂ ಹುಡುಗರಿಗೂ ದಿನಸಿ ಸಾಮಾನಿನ ಬೆಲೆ ತೋರಿಸಿದ್ದರು. ಬೆಲೆ ಅಂಗಡಿಯಲ್ಲಿ ಇರುವ ಹಾಗೇ ಇದ್ದಾಗ ಹಿರಿಯರು ಹುಡುಗರಷ್ಟೇ ಚೆನ್ನಾಗಿ ನೆನಪಿಟ್ಟರು. ಅಸಂಬದ್ಧ ಬೆಲೆ ಹಾಕಿದಾಗ ಮಾತ್ರ ಹಿಂದೆ ಬಿದ್ದರು. ನಿಮ್ಮ ಹಳೇ ಗಿರಾಕಿಯ ಇಷ್ಟದ ಬಣ್ಣ, ಕುತ್ತಿಗೆಯ ಆಳ, ಮಗಳ ಮದುವೆ ಎಲ್ಲವೂ ನಿಮಗೆ ಗೊತ್ತು. ಹೊಸ ಬಟ್ಟೆಗೆ ಅಲ್ಲಿ ಅಂಟಿಕೊಳ್ಳಲು ಜಾಗ ಇದೆ. ಹೊಸ ಹುಡುಗಿಗೂ ಹಸಿರಿಗೂ ಅಂಥ ನಂಟು ಏನೂ ಇರಲಿಲ್ಲ.

ಹಾಗಾಗಿ ನಂಟು ನೀವೇ ಮಾಡಿಕೊಳ್ಳಿ. ಬಟ್ಟೆ ತೆಗೆದುಕೊಳ್ಳುವಾಗಲೇ ಆ ವ್ಯಕ್ತಿಯನ್ನೂ ಬಟ್ಟೆಯನ್ನೂ ಸೇರಿಸಿ ಒಂದು ವಾಕ್ಯ ಕಟ್ಟಿ, ಬಾಯಿಬಿಟ್ಟು ಹೇಳಿ. ಕತ್ತರಿ ಹಾಕುವ ಮುಂಚೆ ಅದೇ ವಾಕ್ಯ ನೆನಪಿಸಿಕೊಳ್ಳಿ. 2007ರ ಒಂದು ಅಧ್ಯಯನದಲ್ಲಿ ಕಲಿಯುವಾಗಲೂ ನೆನಪಿಸಿಕೊಳ್ಳುವಾಗಲೂ ಹೀಗೆ ನಂಟು ಬಳಸಿದ ಹಿರಿಯರ ತಪ್ಪು ಕಡಿಮೆಯಾಯಿತು. ನಡಿಗೆಯೂ ಒಳ್ಳೆಯದು. 2011ರಲ್ಲಿ ಪ್ರಕಟವಾದ, 120 ಹಿರಿಯರ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ ಒಂದು ವರ್ಷ ಚುರುಕಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ದೊಡ್ಡದಾಗಿತ್ತು.

ಕಾಯಿಲೆಯ ಲಕ್ಷಣ ಬೇರೆ ಥರ ಇರುತ್ತದೆ. ಬಾಬಿನ್‌ಗೆ ನೂಲು ಸುತ್ತುವುದು ಹೇಗೆ ಅಂತಲೇ ತಡಕಾಡುವುದು, ದಿನಾ ಹೋಗುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ಇಂಥದ್ದು ಕಂಡರೆ ತಡಮಾಡಬೇಡಿ. ನೀವು ಬರೆದಿದ್ದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ಅಮ್ಮನಿಗೆ ಇತ್ತು ಅಂದಿದ್ದೀರಿ, ಒಂದು ಸಲ ವೈದ್ಯರಿಗೆ ತೋರಿಸಿ.

ಹುಬ್ಬಳ್ಳಿ ಹೊಲಿಗೆ:

ಅಕ್ಕಾರ, ನಾನೂ ನಿಮ್ಮ ಕೆಲಸದವಳೇ. ಬಟ್ಟೆ ಬಂದ ಕೂಡಲೇ ಅಂಚಿನಿಂದ ಬೆರಳಗಲದ ತುಣುಕು ಕತ್ತರಿಸಿ, ಹೆಸರು ಮತ್ತು ಅಳತೆ ಬರೆದ ಹಾಳೆಗೆ ಪಿನ್ ಹೊಡೆಯುತ್ತೇನೆ. ಅಳತೆ ರವಿಕೆಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ನನಗಿನ್ನೂ 40, ಆದರೂ ದೀಪಾವಳಿ ಹೊತ್ತಿಗೆ ಇದಿಲ್ಲದೆ ಆಗುವುದಿಲ್ಲ. ಚೀಟಿ ಬರೆದರೆ ನಿಮ್ಮ ಕೈಗುಣ ಏನೂ ಕಡಿಮೆ ಆಗುವುದಿಲ್ಲ ಅಕ್ಕಾರ.

ತಿಪಟೂರು ಟೈಲರಮ್ಮ:

ಎಲ್ಲರಿಗೂ ಕೈಮುಗಿಯುತ್ತೇನೆ. ಮೇಷ್ಟ್ರೇ, ನಿಮ್ಮ ಮಾತು ಓದಿ ನಿನ್ನೆ ನೆಮ್ಮದಿಯಾಗಿ ನಿದ್ದೆ ಬಂತು. ರಕ್ತಪರೀಕ್ಷೆಗೆ ಸೋಮವಾರ ಹೋಗುತ್ತೇನೆ, ಮಗ ಕರೆದುಕೊಂಡು ಹೋಗುತ್ತಾನೆ.

ಅದೇ ಬಣ್ಣದ ಬಟ್ಟೆ ನಾನೇ ಕೊಂಡು ತಂದೆ. ಆ ಹುಡುಗಿಗೆ ಹೊಸದಾಗಿ ಹೊಲಿಯುತ್ತಿದ್ದೇನೆ. ನೀವು ಹೇಳಿದ ಹಾಗೆ ವಾಕ್ಯ ಕಟ್ಟಿದೆ: "ಎಡಭುಜದ ಮೇಲೆ ಗಿಳಿ ಕೂತಿದೆ, ಅದಕ್ಕೇ ಭುಜ ಇಳಿದಿದೆ." ಇನ್ನು ಅದು ಮರೆಯುವುದಿಲ್ಲ ಬಿಡಿ. ಇವತ್ತು ಬೆಳಿಗ್ಗೆ ಮೂರು ಹೊಸ ಬಟ್ಟೆ ಬಂದವು, ಮೂರಕ್ಕೂ ತುಣುಕು ಕತ್ತರಿಸಿ ಪಿನ್ ಹೊಡೆದೆ.

ಹುಬ್ಬಳ್ಳಿ ತಂಗಿ, ಒಂದು ಕೇಳುವುದಿದೆ. ಲೈನಿಂಗ್ ಅವರೇ ತಂದು ಕೊಟ್ಟಿದ್ದರೆ ಅದರದ್ದೂ ತುಣುಕು ಇಡುತ್ತೀಯಾ, ಇಲ್ಲಾ ಮೇಲಿನ ಬಟ್ಟೆಯದ್ದು ಮಾತ್ರ ಸಾಕಾ?